ನೀರಿನ ಋಣ

ದಾನಗಳಲ್ಲೆಲ್ಲ ಅನ್ನದಾನ ದೊಡ್ಡದೆನ್ನುವವರುಂಟು. ವಿದ್ಯಾದಾನ ದೊಡ್ಡದೆನ್ನುವವರೂ ಉಂಟು. ಮೇಷ್ಟರ ಕಸಬಿನವನಾದ ನಾನು ಎರಡನೆಯ ಪಕ್ಷದವನೆಂದು ಓದುಗರು ಊಹಿಸಿದರೆ ಅದು ತಪ್ಪಲ್ಲ. ಆದರೆ ನೀರಿನ ವಿಷಯಕ್ಕೆ ಬಂದಾಗ ಯಾವ ಪಕ್ಷಕ್ಕೂ ತಕರಾರಿಲ್ಲ. ಬಾಯಾರಿ ಬಾಗಿಲಿಗೆ ಬಂದವನಿಗೆ, ಹಗೆಯವನಾದರೂ ಸರಿಯೇ, ನೀರಿಲ್ಲವೆನ್ನಬಾರದು. ಬೆಲ್ಲ ಕೊಟ್ಟು ನೀರು ಕೊಡುವುದು ನಮ್ಮ ಸೀಮೆಯ ಮರ್ಯಾದೆ. ಈ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಅಲ್ಲಗಳೆಯದಿರುವುದರಿಂದಲೇ ಇದನ್ನು ಕುರಿತು ಯಾರೂ ಯೋಚಿಸುವುದೂ ಇಲ್ಲ. ಎಲ್ಲರೂ ಒಪ್ಪಿಬಿಟ್ಟ ಧರ್ಮಕ್ಕೆ ಒದಗುವ ಗತಿ ಇದು. ಅದು ಗಾದೆಯಾಗಿ ಗೋಡೆಯ ಮೇಲೆ ಕುಳಿತುಕೊಳ್ಳುತ್ತದೆ.

ಹಳ್ಳಿಯೊಂದಕ್ಕೆ ಶುದ್ಧವಾದ ಕುಡಿಯುವ ನೀರನ್ನು ಒದಗಿಸಿದೆವು ಎಂದಿಟ್ಟುಕೊಳ್ಳಿ. ಸರ್ಕಾರ ಒದಗಿಸಿರಬಹುದು, ಒಂದು ಸಂಘ ಒದಗಿಸಿರಬಹುದು, ಪಟ್ಟಣದಲ್ಲಿ ಹಣ ಮಾಡಿದ ಊರಿನ ಮಗನೊಬ್ಬ ಒದಗಿಸಿರಬಹುದು. ಆಗ ಮಾಡಿದ ಕೆಲಸಕ್ಕೆ ಏನೆಂದು ಹೆಸರು? ಅದು ದಾನವೇ, ವ್ಯಾಪಾರವೇ, ಅವರಿಗೆ ಸಲ್ಲಬೇಕಾದ ಹಕ್ಕೇ, ಅಥವಾ ನಾವು ಎಂದೋ ತೀರಿಸಬೇಕಾಗಿದ್ದ ಸಾಲವೇ? ಇದೇನು, ಬರಿಯ ಶಬ್ದದ ಜಗಳ, ನೀರು ಬಂದರೆ ಸಾಲದೇ ಎಂದು ಕೇಳುವವರಿದ್ದಾರೆ. ಅವರ ಅವಸರ ನನಗೆ ಅರ್ಥವಾಗುತ್ತದೆ. ಆದರೆ ನೀರು ಬಂದ ಮೂರನೆಯ ವರ್ಷಕ್ಕೆ ಏಕೆ ನಿಂತುಹೋಯಿತು ಎಂಬ ಪ್ರಶ್ನೆಗೆ ಉತ್ತರ ಅನೇಕ ವೇಳೆ ಆ ಹೆಸರಿನಲ್ಲೇ ಇರುತ್ತದೆ. ದಾನ ಎಂದುಕೊಂಡವನು ಒಂದು ರೀತಿ ನಡೆದುಕೊಳ್ಳುತ್ತಾನೆ, ಸಾಲ ಎಂದುಕೊಂಡವನು ಇನ್ನೊಂದು ರೀತಿ.

ನಮ್ಮ ಮನಸ್ಸಿನಲ್ಲಿ ಜಲದಾನದ ಚಿತ್ರವೆಂದರೆ ಅರವಟ್ಟಿಗೆಯದು. ಬೇಸಗೆಯಲ್ಲಿ ದಾರಿಯ ಬದಿಯ ಮರದ ನೆರಳಿನಲ್ಲಿ ಮಡಕೆಗಳನ್ನಿಟ್ಟು, ಹೋಗಿಬರುವವರಿಗೆ ನೀರು, ಮಜ್ಜಿಗೆ, ರಾಮನವಮಿಯ ಹೊತ್ತಿಗೆ ಪಾನಕ ಕೊಡುವ ಏರ್ಪಾಡು. ಅದರ ಸೌಂದರ್ಯ ಅಲ್ಲಗಳೆಯುವಂಥದಲ್ಲ. ಕೊಟ್ಟವನು ಯಾರೆಂದು ಕುಡಿದವನಿಗೆ ತಿಳಿಯದು, ಕುಡಿದವನು ಯಾರೆಂದು ಕೊಟ್ಟವನು ಕೇಳುವುದಿಲ್ಲ. (ಕೇಳುತ್ತಿದ್ದರು ಎಂಬುದೂ ನಿಜವೇ, ಕೆಲವರಿಗೆ ಲೋಟ, ಕೆಲವರಿಗೆ ಬೊಗಸೆ. ಆ ಮಾತಿಗೆ ಆಮೇಲೆ ಬರುತ್ತೇನೆ.) ಆದರೆ ಅರವಟ್ಟಿಗೆಯ ಧರ್ಮವೆಲ್ಲ ನಿಂತಿರುವುದು ಒಂದು ಸಂಗತಿಯ ಮೇಲೆ. ಕುಡಿಯುವವನು ದಾರಿಹೋಕ. ಅವನು ಕುಡಿದು, ಬಾಯೊರಸಿಕೊಂಡು, ಒಳ್ಳೆಯದಾಗಲೆಂದು ಹರಸಿ ಮುಂದಕ್ಕೆ ಹೋಗುತ್ತಾನೆ. ನಾಳೆ ಅವನ ಬಾಯಾರಿಕೆ ಬೇರೆ ಯಾರದೋ ಪಾಲು.

ಹಳ್ಳಿಯವನು ದಾರಿಹೋಕನಲ್ಲ. ಅವನು ಅಲ್ಲೇ ಇರುವವನು. ನಾಳೆಯೂ ಬಾಯಾರುತ್ತಾನೆ, ಅವನ ದನಕ್ಕೂ ಬಾಯಾರುತ್ತದೆ. ದಿನಾ ಸಾಯುವವರಿಗೆ ಅಳುವವರು ಯಾರು ಎಂಬ ಗಾದೆಯನ್ನು ಕ್ರೂರವೆಂದು ನಾವು ಬಗೆಯುತ್ತೇವೆ. ಆದರೆ ಕರುಣೆಯ ಸ್ವಭಾವವನ್ನು ಅದು ಸರಿಯಾಗಿ ಕಂಡಿದೆ. ಕರುಣೆ ಒಂದು ದಿನದ ಸಂಕಟಕ್ಕೆ ಉಕ್ಕುತ್ತದೆ. ಮುನ್ನೂರ ಅರವತ್ತೈದು ದಿನದ ಸಂಕಟದ ಮುಂದೆ ಆಕಳಿಸುತ್ತದೆ. ಆದ್ದರಿಂದ ಊರಿನ ಕುಡಿಯುವ ನೀರನ್ನು ಕರುಣೆಯ ಕೈಯಲ್ಲಿ ಬಿಡುವುದು ಎಂದಿಗೂ ಕ್ಷೇಮವಲ್ಲ.

ಹಿಂದಿನವರಿಗೆ ಇದು ಗೊತ್ತಿತ್ತೆಂದು ತೋರುತ್ತದೆ. ವಿಜಯನಗರದ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನವನ್ನು ಕನ್ನಡ ಓದಿದವರೆಲ್ಲ ಬಲ್ಲರು. ತಾಯಿ ಮಗುವಿಗೆ ಹಾಲೂಡುವಾಗಲೇ ಅದರ ಕಿವಿಯಲ್ಲಿ ಮುಂದೆ ಮಾಡಬೇಕಾದ ಒಳ್ಳೆಯ ಕೆಲಸಗಳನ್ನು ಹೇಳಿದಳಂತೆ. ಅವುಗಳಲ್ಲಿ ಕೆರೆಯೂ ಬಾವಿಯೂ ಸೇರಿವೆ. ಈ ಶಾಸನವನ್ನು ಉಪನ್ಯಾಸಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಅಷ್ಟೊಂದು ಚಪ್ಪಾಳೆ ಸಿಗದ ಬೇರೆ ಶಾಸನಗಳು ನೂರಾರಿವೆ. ಅವುಗಳಲ್ಲಿ ಬರುವ ಮಾತುಗಳು ಬಿತ್ತುವಟ್ಟ, ಕೆರೆಗೊಡಗೆ, ಕಟ್ಟುಕೊಡಗೆ. ಕೆರೆ ಕಟ್ಟಿಸಿದ್ದಾಯಿತು, ಮುಂದೆ ಅದರ ಹೂಳು ತೆಗೆಯುವವರು ಯಾರು, ಏರಿ ಬಿರುಕು ಬಿಟ್ಟರೆ ಮಣ್ಣು ಹೊರುವ ಗಾಡಿಗೆ ಕೂಲಿ ಎಲ್ಲಿಂದ, ತೂಬು ನೋಡಿಕೊಳ್ಳುವವನ ಹೊಟ್ಟೆಗೇನು ಎಂದು ಯೋಚಿಸಿ, ಅದಕ್ಕೆಂದೇ ಬಿಟ್ಟ ಭೂಮಿ, ಬಿಟ್ಟ ಪಾಲು ಇವು. ಕೆರೆಯನ್ನು ಕಟ್ಟಿದ ದಿನ ಸಿಗುವ ಕೀರ್ತಿ ಬೇರೆ, ಪ್ರತಿ ವರ್ಷ ಬರುವ ಹೂಳು ಬೇರೆ ಎಂಬ ವಿವೇಕ ಅದು. ಹಳೆಯ ಮೈಸೂರು ಸೀಮೆಯ ಕೆರೆಗಳಿಗೆ ನೀರುಗಂಟಿ ಎಂಬವನೊಬ್ಬನಿರುತ್ತಿದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂಬುದು ಅವನ ಮಾತು. ಬಹಳ ಕಡೆ ಈ ಕೆಲಸ ದಲಿತ ಕುಟುಂಬಗಳದು. ಊರಿಗೆಲ್ಲ ನೀರು ಹಂಚಿದವನು ಊರಿನ ಬಾವಿಯಲ್ಲಿ ಹಗ್ಗ ಇಳಿಸುವಂತಿರಲಿಲ್ಲ. ಹಿಂದಿನವರ ವಿವೇಕವನ್ನು ಕೊಂಡಾಡುವಾಗ ಇದನ್ನೂ ಸೇರಿಸಿಯೇ ಹೇಳಬೇಕು.

ಈಗ ಏನಾಗಿದೆ? ಕರ್ನಾಟಕದ ಬಯಲುಸೀಮೆಯ ಯಾವ ಹೋಬಳಿಗೆ ಹೋದರೂ ಬಸ್ ನಿಲ್ದಾಣದ ಬಳಿಯೋ ಪಂಚಾಯಿತಿ ಕಚೇರಿಯ ಪಕ್ಕದಲ್ಲೋ ‘ಶುದ್ಧ ಕುಡಿಯುವ ನೀರಿನ ಘಟಕ’ ಎಂಬ ಫಲಕ ಹೊತ್ತ ಪುಟ್ಟ ಕೋಣೆಯೊಂದು ಕಾಣಿಸುತ್ತದೆ. ಉದ್ಘಾಟಿಸಿದವರ ಹೆಸರು ಅಮೃತಶಿಲೆಯಲ್ಲಿದೆ. ಒಳಗಿನ ಯಂತ್ರ ಓಡುತ್ತಿದೆಯೋ ಇಲ್ಲವೋ ಎಂಬುದು ಊರಿಂದೂರಿಗೆ ಬೇರೆ. ಒಂದು ಕಡೆ ಸೋಸುವ ಪೊರೆ ಸವೆದು ವರ್ಷವಾಗಿದೆ, ಇನ್ನೊಂದು ಕಡೆ ಕೊಳವೆಬಾವಿಯೇ ಬತ್ತಿದೆ, ಮತ್ತೊಂದು ಕಡೆ ಕರೆಂಟಿನ ಬಿಲ್ಲು ಕಟ್ಟುವವರಿಲ್ಲ. ನಾವು ಪೂರ್ವಿಕರಿಂದ ಶಾಸನದ ಕಲ್ಲನ್ನು ಮಾತ್ರ ಉಳಿಸಿಕೊಂಡೆವು, ಬಿತ್ತುವಟ್ಟ ಕೈತಪ್ಪಿತು.

ಇರಲಿ. ಆ ಯಂತ್ರ ಏಕೆ ಬೇಕಾಯಿತು ಎಂಬ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ನೀತಿಶಾಸ್ತ್ರದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಒಂದು ಕಾಲಕ್ಕೆ ನಮ್ಮ ಉತ್ತರದ ಜಿಲ್ಲೆಗಳಲ್ಲಿ ನಾರುಹುಣ್ಣು ಎಂಬ ರೋಗವಿತ್ತು. ಮೆಟ್ಟಿಲಬಾವಿಗೆ ಇಳಿದು, ಕಾಲು ಅದ್ದಿ ನೀರು ತುಂಬಿಕೊಳ್ಳುವಾಗ ರೋಗಿಯ ಕಾಲಿನ ಹುಣ್ಣಿನಿಂದ ಹುಳುವಿನ ಮರಿಗಳು ನೀರಿಗೆ ಸೇರುತ್ತಿದ್ದವು. ಆ ನೀರು ಕುಡಿದವನ ಮೈಯಲ್ಲಿ ವರ್ಷದ ಮೇಲೆ ಮೊಳದುದ್ದದ ಹುಳುವಾಗಿ ಚರ್ಮ ಸೀಳಿ ಹೊರಬರುತ್ತಿದ್ದವು. ಬಟ್ಟೆಯಲ್ಲಿ ನೀರು ಸೋಸಿ ಕುಡಿದರೆ ಈ ರೋಗ ಬರುತ್ತಿರಲಿಲ್ಲ. ಜೈನರ ಮನೆಗಳಲ್ಲಿ ನೀರನ್ನು ಸೋಸಿಯೇ ಕುಡಿಯುವ ಪದ್ಧತಿ ಮೊದಲಿಂದಲೂ ಉಂಟಷ್ಟೆ. ಅವರು ಸೋಸಿದ್ದು ನೀರಿನಲ್ಲಿರುವ ಜೀವಕ್ಕೆ ನೋವಾಗಬಾರದೆಂದು, ಉಳಿದದ್ದು ಕುಡಿದವರ ಜೀವ! ಕಾಲರಾ, ವಾಂತಿಭೇದಿಗಳ ಕಥೆಯೂ ಹೀಗೆಯೇ, ತೆರೆದ ಬಾವಿ ಕೆರೆಗಳಿಂದ ಬಂದದ್ದು. ೧೯೬೬-೬೭ರ ಭೀಕರ ಬರಗಾಲದ ಅನಂತರ ಯುನಿಸೆಫ್ ಸಂಸ್ಥೆಯ ನೆರವಿನಿಂದ ಗಟ್ಟಿಬಂಡೆಯನ್ನು ಕೊರೆಯುವ ಯಂತ್ರಗಳು ದೇಶಕ್ಕೆ ಬಂದವು. ಎಪ್ಪತ್ತರ ದಶಕದಲ್ಲಿ ‘ಇಂಡಿಯಾ ಮಾರ್ಕ್ ೨’ ಎಂಬ ಕೈಪಂಪು ಇಲ್ಲಿಯೇ ರೂಪುಗೊಂಡಿತು. ಇಂದಿಗೂ ಶಾಲೆಯ ಅಂಗಳಗಳಲ್ಲಿ ನಿಂತಿರುವ, ನೀಳ ಹಿಡಿಕೆಯ ಕಬ್ಬಿಣದ ಬೋರಿಂಗು ಅದೇ. ನೆಲದಾಳದ, ಮುಚ್ಚಿದ, ಯಾರ ಕಾಲೂ ಸೋಕದ ನೀರು. ರೋಗ ಹಿಂದೆಗೆಯಿತು. ನಾರುಹುಣ್ಣಿನ ಕೊನೆಯ ರೋಗಿ ೧೯೯೬ರಲ್ಲಿ ರಾಜಸ್ಥಾನದಲ್ಲಿ ಕಂಡದ್ದು. ೨೦೦೦ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಆ ರೋಗದಿಂದ ಮುಕ್ತವೆಂದು ಸಾರಿತು. ಮನುಷ್ಯ ಪ್ರಯತ್ನಕ್ಕೆ ಇಂಥ ಪೂರ್ಣವಾದ ಗೆಲುವು ಅಪರೂಪ.

ಅದೇ ಕೊಳವೆ ಇನ್ನೊಂದು ಕೆಲಸವನ್ನೂ ಮಾಡಿತು. ಗ್ರಾನೈಟು, ನೈಸುಗಳಂಥ ಬಂಡೆಗಳ ಖನಿಜಗಳಲ್ಲಿ ಫ್ಲೋರೈಡಿನ ಅಂಶವುಂಟು. ಆಳದ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಮಿನವರೆಗೆ ಫ್ಲೋರೈಡ್ ಒಪ್ಪತಕ್ಕದ್ದು, ಬೇರೆ ನೀರೇ ಇಲ್ಲದ ಕಡೆ ಒಂದೂವರೆಯವರೆಗೆ ಎಂದು ನಮ್ಮ ದೇಶದ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಬಹಳ ಹೆಚ್ಚಾಗಿದ್ದು, ವರ್ಷಗಟ್ಟಲೆ ಕುಡಿದರೆ ಮೂಳೆ ಗಡುಸಾಗಿ ಕೀಲು ಹಿಡಿದು ಬೆನ್ನು ಬಾಗುತ್ತದೆ. ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಔಷಧವಿಲ್ಲ. ಇದು ನೆನ್ನೆ ಮೊನ್ನೆ ಕಂಡುಕೊಂಡ ವಿಷಯವೂ ಅಲ್ಲ. ೧೯೩೭ರಷ್ಟು ಹಿಂದೆಯೇ ಆಗಿನ ಮದ್ರಾಸ್ ಆಧಿಪತ್ಯದ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ಇದನ್ನು ಗುರುತಿಸಿ ಬರೆದಿದ್ದರು. ನಮ್ಮಲ್ಲಿ ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆ ಹೋದವರಿಗೆ ಕಂದುಹಲ್ಲಿನ ನಗು ಹೊಸದಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗಿಯರನ್ನು ಅಲ್ಲಿ ನೋಡಿ, ನಾಚಿಕೆಯ ಸ್ವಭಾವವೆಂದು ತಿಳಿದುಕೊಂಡ ಪಟ್ಟಣಿಗರೂ ಇದ್ದಾರೆ.

ಆ ನೀರು ನೋಡುವುದಕ್ಕೆ ಕೆಟ್ಟದ್ದಲ್ಲ. ಲೋಟದಲ್ಲಿ ಹಿಡಿದರೆ ಸ್ಫಟಿಕದಂತಿರುತ್ತದೆ. ಕನ್ನಡದಲ್ಲಿ ‘ತಿಳಿ’ ಎಂಬ ಒಂದೇ ಮಾತು ನೀರಿನ ನಿರ್ಮಲತೆಗೂ ಬರುತ್ತದೆ, ಅರಿವಿಗೂ ಬರುತ್ತದೆ. ತಿಳಿಯಾದದ್ದೆಲ್ಲ ತಿಳಿದದ್ದೇ ಎಂಬ ನಂಬಿಕೆ ನಮ್ಮ ಭಾಷೆಯಲ್ಲೇ ಕುಳಿತಿದೆ. ಈ ನೀರು ಅದನ್ನು ಸುಳ್ಳು ಮಾಡುತ್ತದೆ. ಬಟ್ಟೆಯಲ್ಲಿ ಸೋಸಿದರೆ ಫ್ಲೋರೈಡ್ ಹೋಗದು. ಕುದಿಸಿದರೂ ಹೋಗದು, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಅಜ್ಜಿ ಕಲಿಸಿದ ಎಚ್ಚರಿಕೆಗಳೊಂದೂ ಇದರ ಮುಂದೆ ನಡೆಯುವುದಿಲ್ಲ.

ಹಾಗಾದರೆ ಕೊಳವೆಬಾವಿ ಕೊಟ್ಟವರು ತಪ್ಪಿತಸ್ಥರೇ? ನಾನು ಹಾಗೆನ್ನಲಾರೆ. ಸಾಯುವ ಮಗುವನ್ನು ಉಳಿಸಿದವನ ಮೇಲೆ, ಆ ಮಗು ಬೆಳೆದು ಮುದುಕನಾದಾಗ ಬೆನ್ನು ಬಾಗಿತೆಂದು ಮೊಕದ್ದಮೆ ಹೂಡುವುದು ನ್ಯಾಯವಲ್ಲ. ಅಲ್ಲದೆ ಕೈಪಂಪೊಂದೇ ಇಷ್ಟು ಆಳಕ್ಕೆ ನಮ್ಮನ್ನು ಎಳೆದದ್ದಲ್ಲ. ಅದು ಮುಟ್ಟಿದ್ದು ಹೆಚ್ಚೆಂದರೆ ನೂರು ನೂರೈವತ್ತು ಅಡಿ. ಅದರ ಹಿಂದೆ ಬಂದ ವಿದ್ಯುತ್ ಪಂಪುಗಳು, ಕಬ್ಬು, ರೇಷ್ಮೆಸೊಪ್ಪು, ಟೊಮ್ಯಾಟೊ ಇವೆಲ್ಲ ಸೇರಿ ಕೆಲವೆಡೆ ಸಾವಿರ ಅಡಿಯಾಚೆ ಕೊರೆಸಿದವು. ಕೊರೆಸಿದವರು ಅದೇ ಊರಿನ ರೈತರು. ಆ ಬೆಳೆಯನ್ನು ತಿಂದವರು ನಾವು. ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಕೊಟ್ಟವನ ಉದ್ದೇಶ ಒಳ್ಳೆಯದಾಗಿತ್ತು ಎಂಬುದು ಕೊಟ್ಟವನಿಗೆ ಸಮಾಧಾನ, ಕುಡಿದವನಿಗಲ್ಲ. ಗಂಗಾಳ ತುಂಬಿಸಿ ಕೊಟ್ಟು ಹಿಂದಿರುಗಿ ನೋಡದೆ ಹೋಗುವುದು ದಾನಿಗೆ ಭೂಷಣವೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಎಡಗೈಗೆ ತಿಳಿಯದಂತೆ ಬಲಗೈ ಕೊಡಬೇಕಂತೆ. ನೀರಿನ ವಿಷಯದಲ್ಲಿ ಈ ಭೂಷಣ ದೂಷಣವಾಗುತ್ತದೆ. ಇಲ್ಲಿ ಹಿಂದಿರುಗಿ ನೋಡುವುದೇ ಧರ್ಮ; ವರ್ಷ ವರ್ಷವೂ ಸೀಸೆಯಲ್ಲಿ ನೀರು ತುಂಬಿಸಿ ಪರೀಕ್ಷೆ ಮಾಡಿಸುವುದೇ ಧರ್ಮ. ದಾನಿಗೆ ಆ ಹಂಗಿಲ್ಲ, ಸಾಲಗಾರನಿಗೆ ಉಂಟು.

ಇನ್ನು ವ್ಯಾಪಾರದ ಮಾತು. ಘಟಕದ ಯಂತ್ರಕ್ಕೆ ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಕೆಲವು ಕಡೆ ಎರಡು ರೂಪಾಯಿ, ಈಗೀಗ ಬಹಳ ಕಡೆ ಐದು. ನೀರಿಗೆ ಬೆಲೆ ಕಟ್ಟುವುದೇ, ಕಲಿಗಾಲ ಎಂದು ಕೊರಗುವ ಸಜ್ಜನರನ್ನು ನಾನು ಬಲ್ಲೆ. ಅವರ ಕೊರಗಿನಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಬಿತ್ತುವಟ್ಟವಿಲ್ಲದ ಕಾಲದಲ್ಲಿ ಯಂತ್ರದ ಪೊರೆ ಬದಲಾಯಿಸುವುದಕ್ಕೆ ಎಲ್ಲಿಂದಾದರೂ ಹಣ ಬರಬೇಕಷ್ಟೆ. ಐದು ರೂಪಾಯಿ ಕೊಟ್ಟವನಿಗೆ ಯಂತ್ರ ಕೆಟ್ಟಾಗ ಗಟ್ಟಿಯಾಗಿ ಕೇಳುವ ಧೈರ್ಯವೂ ಬರುತ್ತದೆ. ದಾನ ಪಡೆದವನು ಕೇಳಲಾರ. ಇದು ನಾಣ್ಯದ ಪರವಾಗಿ ಹೇಳಬೇಕಾದ ಮಾತು. ಇನ್ನೊಂದು ವಿನೋದವನ್ನೂ ಗಮನಿಸಿದ್ದೇನೆ. ನೀರು ಬಿಂದಿಗೆಯಲ್ಲಿ, ಸೊಂಟದ ಮೇಲೆ ಬರುತ್ತಿದ್ದಾಗ ಅದು ಹೆಂಗಸರ ಕೆಲಸವಾಗಿತ್ತು. ಕ್ಯಾನಿನಲ್ಲಿ, ಮೋಟಾರ್ ಸೈಕಲಿನ ಮೇಲೆ ಬರತೊಡಗಿದ ಮೇಲೆ ಗಂಡಸರೂ ತರುತ್ತಿದ್ದಾರೆ.

ಆದರೆ ಲೆಕ್ಕವನ್ನೂ ನೋಡೋಣ. ಇಪ್ಪತ್ತು ಲೀಟರಿಗೆ ಐದು ರೂಪಾಯಿಯೆಂದರೆ ಸಾವಿರ ಲೀಟರಿಗೆ ಇನ್ನೂರೈವತ್ತಾಯಿತು. ಬೆಂಗಳೂರಿನ ಮನೆಗಳಿಗೆ ನಲ್ಲಿಯಲ್ಲಿ ಬರುವ ಕಾವೇರಿಗೆ ೨೦೧೪ರ ದರಪಟ್ಟಿಯ ಪ್ರಕಾರ ತಿಂಗಳ ಮೊದಲ ಎಂಟು ಸಾವಿರ ಲೀಟರಿಗೆ ಸಾವಿರಕ್ಕೆ ಏಳು ರೂಪಾಯಿ. ಇತರ ಶುಲ್ಕಗಳು ಬೇರೆ ಇವೆ, ೨೦೨೫ರಲ್ಲಿ ದರವೂ ಸ್ವಲ್ಪ ಏರಿತು. ಆ ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಯಂತ್ರಗಳು ಎತ್ತಿ ತಳ್ಳಿದ ನೀರು. ೧೯೭೪ರಿಂದ ಹೀಗೆ ಬರುತ್ತಿದೆ. ೨೦೨೪ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಬಂತು. ಹಳ್ಳಿಯವನು ಕುಡಿಯುವ ನೀರಿಗೆ ಮಾತ್ರ ಆ ಬೆಲೆ ಕೊಡುತ್ತಾನೆ, ಪಾತ್ರೆ ಬಟ್ಟೆಗೆ ಬೋರಿನ ನೀರು ಬಳಸುತ್ತಾನೆ ಎಂದು ಸಮಾಧಾನ ಹೇಳಬಹುದು. ನಾವು ಅದೇ ಏಳು ರೂಪಾಯಿಯ ನೀರಿನಲ್ಲಿ ಕಾರು ತೊಳೆಯುತ್ತೇವೆ ಎಂಬುದು ಆ ಸಮಾಧಾನಕ್ಕೆ ಉತ್ತರ. ಅಗ್ಗದ ನೀರು ಕುಡಿದುಕೊಂಡು ‘ನೀರಿಗೆ ಬೆಲೆ ಕಟ್ಟಬಾರದು’ ಎನ್ನುವುದು ಕಷ್ಟದ ವೈರಾಗ್ಯವೇನಲ್ಲ.

ಈಗ ಹಕ್ಕು. ಸಂವಿಧಾನದ ೧೫ನೆಯ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರನ್ನೇ ಹಿಡಿದು, ಅವುಗಳ ಬಳಕೆಯಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದೆಂದು ಬರೆಯಲಾಗಿದೆ. ಸಮಾನತೆಯೆಂಬ ದೊಡ್ಡ ಮಾತು ಹೇಳುವ ಗ್ರಂಥಕ್ಕೆ ಬಾವಿ ಕೆರೆಗಳೇಕೆ ಬಂದವೆಂದು ಕೇಳುವವರು ಮಹಾಡಿನ ಕಥೆ ಓದಬೇಕು. ಸಾರ್ವಜನಿಕ ಜಲಾಶಯಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ೧೯೨೩ರಲ್ಲಿ ಮುಂಬಯಿಯ ವಿಧಾನ ಪರಿಷತ್ತು ನಿರ್ಣಯ ಮಾಡಿತು. ಮರುವರ್ಷ ಮಹಾಡಿನ ಪುರಸಭೆಯೂ ಚವದಾರ್ ಕೆರೆ ಎಲ್ಲರದೆಂದು ನಿರ್ಣಯಿಸಿತು. ಕಾಗದದ ಮೇಲೆ ಕೆರೆ ತೆರೆಯಿತು, ನೆಲದ ಮೇಲೆ ತೆರೆಯಲಿಲ್ಲ. ೧೯೨೭ರ ಮಾರ್ಚ್ ೨೦ರಂದು ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ಕೆರೆಯ ನೀರನ್ನು ಬೊಗಸೆಯಲ್ಲಿ ಕುಡಿದರು. ಆಮೇಲೆ ಊರಿನ ಮೇಲ್ಜಾತಿಯವರು ಮಾಡಿದ ಕೆಲಸವನ್ನು ಗಮನಿಸಬೇಕು. ಪಂಚಗವ್ಯವನ್ನು ಮಂತ್ರಪೂರ್ವಕವಾಗಿ ಸುರಿದು ಕೆರೆಯನ್ನು ಶುದ್ಧ ಮಾಡಿದರು! ದನ ಇಳಿದು ಕುಡಿಯುತ್ತಿದ್ದ ಕೆರೆ ಅದು. ಮುಂಬಯಿಯ ಉಚ್ಚ ನ್ಯಾಯಾಲಯ ಕೆರೆಯ ಹಕ್ಕನ್ನು ಎತ್ತಿಹಿಡಿಯುವ ಹೊತ್ತಿಗೆ ೧೯೩೭ ಆಗಿತ್ತು.

‘ಶುದ್ಧ ನೀರು’ ಎಂಬ ಮಾತನ್ನು ಈಗ ನಾವು ರಸಾಯನಶಾಸ್ತ್ರದ ಅರ್ಥದಲ್ಲಿ ಬಳಸುತ್ತೇವೆ. ಆ ಮಾತಿಗೆ ಇನ್ನೊಂದು ಅರ್ಥ ಬಹಳ ಕಾಲದಿಂದ ಇತ್ತು, ಇನ್ನೂ ಹೋಗಿಲ್ಲ. ೨೦೨೨ರ ನವೆಂಬರಿನಲ್ಲಿ, ಮಹಾಡಿನ ಸತ್ಯಾಗ್ರಹ ನಡೆದ ತೊಂಬತ್ತೈದು ವರ್ಷಗಳ ಮೇಲೆ, ನಮ್ಮ ಚಾಮರಾಜನಗರ ಜಿಲ್ಲೆಯ ಹೆಗ್ಗೋಠಾರದಲ್ಲಿ ದಲಿತ ಹೆಂಗಸೊಬ್ಬಳು ತೊಂಬೆಯ ನಲ್ಲಿಯಿಂದ ನೀರು ಕುಡಿದಳೆಂದು ತೊಂಬೆಯನ್ನೇ ಬರಿದು ಮಾಡಿ ಗೋಮೂತ್ರದಿಂದ ತೊಳೆದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆ ತೊಂಬೆಯ ನೀರಿನಲ್ಲಿ ಫ್ಲೋರೈಡ್ ಎಷ್ಟಿತ್ತೆಂದು ಯಾರೂ ಕೇಳಿದಂತೆ ಕಾಣಲಿಲ್ಲ.

ಮಹಾಭಾರತದ ಆಶ್ವಮೇಧಿಕ ಪರ್ವದಲ್ಲಿ ಉತ್ತಂಕ ಮುನಿಯ ಕಥೆಯೊಂದಿದೆ. ಮರುಭೂಮಿಯಲ್ಲಿ ನೀರು ಬೇಕಾದಾಗ ತನ್ನನ್ನು ನೆನೆ ಎಂದು ಕೃಷ್ಣ ಅವನಿಗೆ ವರ ಕೊಟ್ಟಿದ್ದ. ಒಂದು ದಿನ ಬಾಯಾರಿ ನೆನೆದಾಗ ಕೃಷ್ಣ ಬರಲಿಲ್ಲ; ಮೈಯೆಲ್ಲ ಕೊಳೆಯಾದ, ನಾಯಿಗಳನ್ನು ಹಿಡಿದ ಮಾತಂಗನೊಬ್ಬ ಬಂದು ನೀರು ಕುಡಿ ಎಂದ. ಮುನಿ ಸಿಟ್ಟಾಗಿ ಬೇಡವೆಂದ. ಆಮೇಲೆ ಕೃಷ್ಣ ಹೇಳಿದ, ಬಂದವನು ಇಂದ್ರ, ತಂದದ್ದು ಅಮೃತ ಎಂದು. ಈ ಕಥೆಯನ್ನು ಕೇಳಿದವರು ಮುನಿಯ ನಷ್ಟಕ್ಕೆ ಮರುಗುತ್ತಾರೆ. ನನಗೆ ಇದರಲ್ಲಿ ಒಂದು ಅಸಮಾಧಾನ ಉಳಿದೇ ಇದೆ. ಬಂದವನು ನಿಜವಾಗಿಯೂ ಮಾತಂಗನೇ ಆಗಿದ್ದು, ತಂದದ್ದು ಬರಿಯ ನೀರೇ ಆಗಿದ್ದರೆ ಮುನಿ ಮಾಡಿದ್ದು ಸರಿಯಾಗುತ್ತಿತ್ತೇ? ಕಥೆ ಆ ಪ್ರಶ್ನೆಗೆ ಉತ್ತರ ಕೊಡದೆ ಜಾರಿಕೊಳ್ಳುತ್ತದೆ.

ಹಕ್ಕಿನ ಭಾಷೆ ಇಲ್ಲಿಯವರೆಗೆ ನಮ್ಮನ್ನು ಕರೆತಂದಿದೆ, ಅದರ ಉಪಕಾರ ಸಣ್ಣದಲ್ಲ. ೧೯೯೧ರಲ್ಲಿ ಸರ್ವೋಚ್ಚ ನ್ಯಾಯಾಲಯ, ಬದುಕುವ ಹಕ್ಕಿನಲ್ಲಿ ಮಲಿನವಲ್ಲದ ನೀರು ಗಾಳಿಗಳೂ ಸೇರಿವೆಯೆಂದು ಹೇಳಿತು. ೨೦೧೯ರ ಆಗಸ್ಟ್ ೧೫ರಂದು ಜಲ ಜೀವನ ಯೋಜನೆ ಪ್ರಕಟವಾದಾಗ ದೇಶದ ಹಳ್ಳಿಮನೆಗಳಲ್ಲಿ ನಲ್ಲಿಯಿದ್ದವು ೩.೨೩ ಕೋಟಿ, ಆರಕ್ಕೊಂದರ ಲೆಕ್ಕ. ೨೦೨೫ರ ಹೊತ್ತಿಗೆ ೧೫ ಕೋಟಿ ದಾಟಿತು. ೨೦೨೪ಕ್ಕೆ ಮುಗಿಯಬೇಕಾದದ್ದನ್ನು ೨೦೨೮ರವರೆಗೆ ಮುಂದುವರಿಸಿದ್ದಾರೆ. ತಲೆಗೆ ದಿನಕ್ಕೆ ೫೫ ಲೀಟರು ಗುರಿ. ಒಳಚರಂಡಿಯುಳ್ಳ ಪಟ್ಟಣದವನಿಗೆ ೧೩೫ ಎಂದು ಮಾನಕ. ಇದು ಸಣ್ಣ ಕೆಲಸವಲ್ಲ, ಆಡಿಕೊಳ್ಳುವುದು ನನ್ನ ಉದ್ದೇಶವೂ ಅಲ್ಲ. ಆದರೆ ನಲ್ಲಿ ಎಂಬುದು ಹಕ್ಕಿನ ಗುರುತೇ ಹೊರತು ನೀರಲ್ಲ. ನಲ್ಲಿಯ ಹಿಂದೆ ಬತ್ತಿದ ಬೋರಿದ್ದರೆ ಹಕ್ಕು ಗಾಳಿಯನ್ನು ಉಗುಳುತ್ತದೆ.

ಎಲ್ಲರ ಹಕ್ಕಿನ ನೀರನ್ನೂ ಎಲ್ಲಿಂದಲಾದರೂ ತರಲೇಬೇಕು. ಹಾಗೆ ತಂದದ್ದರ ಬೆಲೆ ಯಾರು ತೆರುತ್ತಾರೆ? ‘ಕೆರೆಗೆ ಹಾರ’ ಕೇಳುವುದು ಈ ಪ್ರಶ್ನೆಯನ್ನೇ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಸೊಸೆಯನ್ನು ಕೊಡಬೇಕೆಂದಾಯಿತು, ಕಿರಿಯ ಸೊಸೆ ಭಾಗೀರಥಿಯ ಪಾಲಿಗೆ ಬಂತು. ತವರಿಗೆ ಹೋದರೂ ಹೆತ್ತವರಿಗೆ ನಿಜ ಹೇಳಲಾರಳು. ಈ ಪದ್ಯವನ್ನು ಪಾಠ ಮಾಡುವಾಗ ತರಗತಿಯಲ್ಲಿ ಪ್ರತಿ ವರ್ಷವೂ ಸಿಟ್ಟು ಕಾಣುತ್ತೇನೆ; ಮಾವನ ಮೇಲೆ, ಜೋಯಿಸನ ಮೇಲೆ, ಸುಮ್ಮನಿದ್ದ ಊರಿನ ಮೇಲೆ. ಒಂದು ವರ್ಷ ಬಯಲುಸೀಮೆಯ ಹಳ್ಳಿಯಿಂದ ಬಂದಿದ್ದ ಹುಡುಗಿಯೊಬ್ಬಳು ಬೇರೊಂದು ಮಾತು ಕೇಳಿದಳು: “ಕೆರೆ ತುಂಬಿದ ಮೇಲೆ ಅದರ ನೀರನ್ನ ಯಾರು ಹೊರುತ್ತಿದ್ದರು ಸಾರ್? ಉಳಿದ ಸೊಸೆಯಂದಿರೇ ಅಲ್ಲವಾ?” ಮೂವತ್ತು ವರ್ಷದ ವಿಮರ್ಶೆಗಳಲ್ಲಿ ನಾನು ಓದದ ಮಾತು ಅದು. ಆ ಕೆರೆ ಒಬ್ಬಳನ್ನು ಒಂದೇ ಸಲಕ್ಕೆ ತೆಗೆದುಕೊಂಡಿತು. ಉಳಿದವರನ್ನು ದಿನಕ್ಕೆ ನಾಲ್ಕು ಕೊಡದಂತೆ ತೆಗೆದುಕೊಂಡಿರಬೇಕು.

ಭಾಗೀರಥಿಯರು ಈಗ ಊರುಗಳ ರೂಪದಲ್ಲಿದ್ದಾರೆ. ಕೋಲಾರದ ಕಡೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಅಲ್ಲಿಗೆ ೨೦೧೮ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಸಂಸ್ಕರಿಸಿ ಕೆರೆಗಳಿಗೆ ಬಿಡುತ್ತಿದ್ದಾರೆ. ಕುಡಿಯುವುದಕ್ಕಲ್ಲ, ಅಂತರ್ಜಲ ಏರಲೆಂದು. ಒಣಗಿದ್ದ ಬಾವಿಗಳಲ್ಲಿ ನೀರು ಕಂಡಿತೆಂದು ಸಂತೋಷಪಟ್ಟ ರೈತರಿದ್ದಾರೆ. ಮೂರನೆಯ ಹಂತದ ಶುದ್ಧೀಕರಣ ಏಕಿಲ್ಲ, ಮುಂದೆ ಆ ನೀರು ಏನಾದೀತು ಎಂದು ನ್ಯಾಯಾಲಯಕ್ಕೆ ಹೋದವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ನಿಜವಿದೆ. ನನ್ನನ್ನು ಕಾಡುವುದು ಇದನ್ನು ನಗರ ಕೋಲಾರಕ್ಕೆ ಮಾಡಿದ ಉಪಕಾರವೆಂದು ಹೇಳುವ ಧಾಟಿ. ಮನೆಗೆ ಬಂದವರಿಗೆ ಬಡಿಸಿದ್ದಕ್ಕೆ ಉಪಕಾರವೆನ್ನುವುದು ಬೇರೆ, ಉಂಡೆದ್ದ ಎಲೆಯನ್ನು ತೊಳೆದು ಕೊಟ್ಟದ್ದಕ್ಕೆ ಉಪಕಾರವೆನ್ನುವುದು ಬೇರೆ. ಅದೇ ಜಿಲ್ಲೆಗಳ ಕುಡಿಯುವ ನೀರಿಗೆಂದು ಎತ್ತಿನಹೊಳೆಯ ಯೋಜನೆ ಹೊರಟಿತು. ೨೦೨೪ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆ ಅದರ ಮೊದಲ ಹಂತಕ್ಕೆ ಚಾಲನೆಯಾಯಿತು. ಅಲ್ಲಿಯ ಕಾಡಿಗೂ ನೇತ್ರಾವತಿಯ ಕೆಳಗಿನವರಿಗೂ ತಮ್ಮದೇ ಅಳಲುಂಟು. ಕೋಲಾರದ ಬಾಯಾರಿಕೆ ಸುಳ್ಳಲ್ಲ, ಆ ಅಳಲೂ ಸುಳ್ಳಲ್ಲ. ಇಂಥಲ್ಲಿ ದಾನದ ಮಾತು ಎಷ್ಟು ಅಪ್ರಯೋಜಕವೆಂಬುದು ಕಾಣುತ್ತದೆ. ಯಾರ ನೀರನ್ನು ಯಾರು ಯಾರಿಗೆ ದಾನ ಮಾಡುವುದು?

ಊರು ಬಿಟ್ಟು ಹೋಗುವವನು ‘ಇಲ್ಲಿಯ ಅನ್ನ ನೀರಿನ ಋಣ ತೀರಿತು’ ಎನ್ನುತ್ತಾನಲ್ಲವೇ? ನಮ್ಮ ಹಳ್ಳಿಗರ ಬಾಯಲ್ಲಿ ನೀರಿನ ಜೊತೆಗೆ ಸಹಜವಾಗಿ ಬರುವ ಮಾತು ಋಣವೇ. ನೀರು ಕುಡಿದವನು ಆ ಊರಿಗೆ ಸಾಲಗಾರನಾಗುತ್ತಾನೆ ಎಂಬ ಭಾವನೆ ಅದರಲ್ಲಿದೆ. ಅದನ್ನು ಒಪ್ಪಿದರೆ ಲೆಕ್ಕ ತಿರುವುಮುರುವಾಗುತ್ತದೆ. ಹಳ್ಳಿಯ ಕೆರೆ ತುಂಬಬೇಕಾಗಿದ್ದ ಹೊಳೆಯನ್ನು ತಿರುಗಿಸಿ ಕುಡಿದವರು ನಾವು. ಅವರ ಬೋರಿನ ನೀರನ್ನು ತರಕಾರಿಯ ರೂಪದಲ್ಲಿ, ಹಾಲಿನ ರೂಪದಲ್ಲಿ ದಿನವೂ ಬೆಳಿಗ್ಗೆ ಮನೆಗೆ ತರಿಸಿಕೊಂಡವರು ನಾವು. ಅವರಿಗೆ ನಲ್ಲಿ ಹಾಕಿಸಿ ಕಲ್ಲಿನ ಮೇಲೆ ಹೆಸರು ಕೆತ್ತಿಸುವುದು, ಸಾಲ ತೀರಿಸುವಾಗ ಸಾಲ ಕೊಟ್ಟವನಿಂದ ಹಾರ ಹಾಕಿಸಿಕೊಂಡಂತೆ. ಈ ವಾದಕ್ಕೂ ಎದುರು ಮಾತಿದೆ. ಪಟ್ಟಣದಲ್ಲೂ ಕ್ಯಾನಿನ ನೀರಿಗೆ ಸರದಿ ನಿಲ್ಲುವ ಕೊಳೆಗೇರಿಗಳಿವೆ, ಹಳ್ಳಿಯಲ್ಲೂ ಹತ್ತು ಬೋರಿನ ಒಡೆಯರಿದ್ದಾರೆ. ಋಣ ಊರಿಗೂರು ಸಮನಾಗಿ ಹಂಚಿಲ್ಲ. ಅದು ಸರಿ. ಯಾರು ಎಷ್ಟು ಕುಡಿದರೆಂದು ಅಳೆಯುವ ಮೀಟರು ಮನೆಯ ಮುಂದೆ ಇದ್ದೇ ಇದೆ.

ಈ ಸಾಲ ತೀರುವ ಬಗೆ ಹೇಗೆ? ಪಾವಗಡದ ಕಡೆಗೆ ತುಂಗಭದ್ರೆಯನ್ನು ಕೊಳವೆಯಲ್ಲಿ ತರುವಂಥ ದೊಡ್ಡ ಕೆಲಸಗಳು ನಡೆಯುತ್ತಿವೆ, ನಡೆಯಲಿ. ನನ್ನ ಮನಸ್ಸಿಗೆ ಹೆಚ್ಚು ಹಿಡಿದದ್ದು ಒಂದು ಸಣ್ಣ ಏರ್ಪಾಡು. ಜಲ ಜೀವನ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ನೀರು ಪರೀಕ್ಷೆ ಮಾಡುವುದನ್ನು ಕಲಿಸಬೇಕೆಂದಿದೆ. ಕೈಪೆಟ್ಟಿಗೆಯಷ್ಟು ಉಪಕರಣ, ಗಾಜಿನ ನಳಿಗೆಯಲ್ಲಿ ಊರಿನ ನೀರು ತೆಗೆದುಕೊಂಡು ಔಷಧದ ಹನಿ ಹಾಕಿ ಬಣ್ಣದ ಪಟ್ಟಿಯೊಡನೆ ಹೋಲಿಸಿ ನೋಡುವುದು. ಫ್ಲೋರೈಡ್ ಕಡಿಮೆಯಿದ್ದರೆ ಗುಲಾಬಿ ಬಣ್ಣ ಉಳಿಯುತ್ತದೆ, ಹೆಚ್ಚಿದಷ್ಟೂ ಹಳದಿಗೆ ತಿರುಗುತ್ತದೆ. ಇಷ್ಟು ಕಾಲ ನೀರನ್ನು ಹೊರುತ್ತಿದ್ದವರಿಗೆ ಈಗ ನೀರಿನೊಳಗೇನಿದೆ ಎಂದು ಹೇಳುವ ಅಧ್ಯಕ್ಷತೆ ಬಂದಿದೆ. ಆದರೆ ನಳಿಗೆ ಹಳದಿಯಾದ ದಿನ ಆಕೆ ಅದನ್ನು ಹಿಡಿದುಕೊಂಡು ಪಂಚಾಯಿತಿಗೆ ಹೋದರೆ, ಪಂಚಾಯಿತಿಯವರು ತಾಲ್ಲೂಕಿಗೆ ಕಾಗದ ಬರೆದರೆ, ತಾಲ್ಲೂಕಿನವರು ಗುತ್ತಿಗೆದಾರನಿಗೆ ಫೋನು ಮಾಡಿದರೆ, ಆ ಸಂಜೆ ಅವಳ ಮನೆಯ ಮಗು ಯಾವ ನೀರು ಕುಡಿಯಬೇಕು?